ಕಟ್ಟುವ ಮುನ್ನ ನೆಲವನ್ನೊಮ್ಮೆ ನೋಡೋಣ
(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ಮದುವೆಯಾಗಿ ಕಾಂದಿವಲಿಗೆ ಬಂದಂದಿನಿಂದ ನಾನು ಸೇನೆಯ ಸಿ.ಒ.ಡಿ. ಡಿಪೋದ ಉದ್ದನೆಯ ಗೋಡೆಯನ್ನು ನೋಡುತ್ತಿದ್ದೇನೆ. ಗೋಡೆಯ ಈಚೆ ಕಟ್ಟಡಗಳ ಸಾಲು. ಆಚೆ ಇನ್ನೂ ಮರಗಳಿವೆ, ಮಣ್ಣಿದೆ.

ನಮ್ಮ ಕಾಂದಿವಲಿಯ ಮಣ್ಣು ಸಾಮಾನ್ಯದ್ದಲ್ಲ. ಬ್ರಿಟಿಷರ ಕಾಲದಲ್ಲಿ ಟಾಡ್ ಎಂಬ ನೌಕಾಪಡೆಯ ಅಧಿಕಾರಿ ಇಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧಗಳನ್ನು ಗುರುತಿಸಿ, 1939ರಲ್ಲಿ ಅವುಗಳ ಬಗ್ಗೆ ಬರೆದರು. 1948ರಲ್ಲಿ ಅವರೇ ಬರೆದ ಇನ್ನೊಂದು ಲೇಖನ ನಮ್ಮ ಬೆಂಗಳೂರಿನ ಜಾಲಹಳ್ಳಿಯ ಸಣ್ಣ ಸಣ್ಣ ಕಲ್ಲಿನ ಅಲಗುಗಳ ಕುರಿತು. ಈಗ ಜಾಲಹಳ್ಳಿಯಲ್ಲಿ ವಾಯುಪಡೆಯ ನೆಲೆಯಿದೆ.

ಸೈನಿಕರಿಗೂ ಮನೆ ಬೇಕು, ಗೋದಾಮು ಬೇಕು. ಕಟ್ಟಬೇಡಿ ಎಂದು ನಾನು ಹೇಳುವುದಿಲ್ಲ. ಕಟ್ಟುವ ಮುನ್ನ ನೋಡಿ ಎನ್ನುತ್ತೇನೆ. ಇಂಗ್ಲೆಂಡಿನ ಲಾರ್ಕ್‌ಹಿಲ್‌ನಲ್ಲಿ ಸೇನಾ ಕುಟುಂಬಗಳಿಗೆ ಮನೆ ಕಟ್ಟುವ ಮೊದಲು ಪುರಾತತ್ತ್ವಜ್ಞರು ನೆಲ ಪರೀಕ್ಷಿಸಿದರು. 2016ರಲ್ಲಿ ಅಲ್ಲಿ ಸುಮಾರು 5,600 ವರ್ಷ ಹಳೆಯ ಕಂದಕಗಳ ಆವರಣ ಸಿಕ್ಕಿತು. ಮೊದಲ ಮಹಾಯುದ್ಧದ ಸೈನಿಕರು ತರಬೇತಿಗೆ ತೋಡಿದ ಸುರಂಗಗಳೂ ಸಿಕ್ಕವು. ಎಲ್ಲವನ್ನೂ ಅಳೆದು, ಬರೆದು, ಚಿತ್ರ ತೆಗೆದಿಟ್ಟುಕೊಂಡರು. ಮನೆಗಳೂ ಎದ್ದವು.

ನಮ್ಮಲ್ಲಿ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟುವಂತಿಲ್ಲ; ಮುಂದಿನ 200 ಮೀಟರಿಗೆ ಅನುಮತಿ ಬೇಕು. ಆ ಕಾವಲು ಅಲ್ಲಿಗೆ ಮುಗಿಯಿತು. ಹೆಸರೇ ಇಲ್ಲದ ಮಣ್ಣನ್ನು ಕೇಳುವವರು ಯಾರು?

ಇದನ್ನು ನಾನು ಯಾಕೆ ಹೇಳುತ್ತಿದ್ದೇನೆ ಗೊತ್ತೇ? ನಮ್ಮ ಸೊಸೈಟಿಯ ಹಳೆ ಕಟ್ಟಡ ಕೆಡವಿ ಪಾಯ ತೋಡುವಾಗ ಜೆಸಿಬಿ ಒಂದು ಕಲ್ಲನ್ನು ಎತ್ತಿ ಹಾಕಿತು. ಮೇಲೆ ಸೂರ್ಯ, ಚಂದ್ರ. ಊರಿನ ದೇವಸ್ಥಾನದ ಅಂಗಳದಲ್ಲಿದ್ದ ಶಾಸನದ ಕಲ್ಲೇ ನೆನಪಾಯಿತು. ಯಾರಿಗೆ ಹೇಳುವುದು, ಕೆಲಸ ನಿಂತರೆ ಎಲ್ಲರೂ ನನ್ನನ್ನೇ ಬೈದಾರು ಎಂದು ಸುಮ್ಮನಾದೆ. ಸಂಜೆ ಕಸದ ಲಾರಿಯಲ್ಲಿ ಅದೂ ಹೋಯಿತು. ಮೊಬೈಲ್ ಕೈಯಲ್ಲೇ ಇತ್ತು. ಒಂದು ಫೋಟೋ ಕೂಡ ತೆಗೆಯಲಿಲ್ಲ! ಆ ತಪ್ಪು ನನ್ನದೇ.

ಆಮೇಲೆ ತಿಳಿಯಿತು: 1878ರ ನಿಧಿ ಕಾಯಿದೆಯ ಪ್ರಕಾರ, ನೆಲದಲ್ಲಿ ಹುದುಗಿದ್ದ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಪುರಾತತ್ತ್ವ ಕೇಂದ್ರವೂ ಇದೆ.

ಗೋಡೆಯಾಚೆಯ ನೆಲವನ್ನು ಸೇನೆ ಇಷ್ಟು ವರ್ಷ ಕಾದಿದೆ. ಅಲ್ಲಿ ಹೊಸ ಕಾಮಗಾರಿ ನಡೆಯುವುದಾದರೆ ಮೊದಲು ಪುರಾತತ್ತ್ವ ಸಮೀಕ್ಷೆಯಾಗಲಿ ಎಂದು ನಮ್ಮ ಮಹಿಳಾ ವಿಭಾಗದಿಂದ ಒಂದು ಮನವಿ ಕಳುಹಿಸೋಣ. ಗೋಡೆಯ ಈಚೆ ನಿಮ್ಮ ಕಟ್ಟಡದ ಪಾಯ ತೋಡುವ ದಿನ ಐದು ನಿಮಿಷ ಕೆಳಗಿಳಿದು ನೋಡಿ. ಅಕ್ಕಿಯಲ್ಲಿ ಕಲ್ಲು ಆರಿಸುವ ಕಣ್ಣು ನಮ್ಮದು, ಮಣ್ಣಿನಲ್ಲೂ ಆರಿಸೀತು.