ಧಾರವಾಡದ ಶಾಲೆಯ ಬಾಗಿಲು

(ಬೆಂಗಳೂರಿನ ಉಲ್ಲಾಳದಲ್ಲಿ ಶರಣ ಬಂಧುಗಳು ನಡೆಸುವ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

 

ಈ ತಿಂಗಳ ಗೋಷ್ಠಿಗೆ 'ಶಿಕ್ಷಣ ಮತ್ತು ಸಮಾನತೆ' ಎಂಬ ವಿಷಯ ಕೊಟ್ಟಿದ್ದೀರಿ. ಮೂವತ್ತೆರಡು ವರ್ಷ ಸರಕಾರಿ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವನು ನಾನು. ಈಗ ಮಗನ ಮನೆಯಲ್ಲಿ, ಇಲ್ಲೇ ಉಲ್ಲಾಳದಲ್ಲಿ ಇದ್ದೇನೆ. ಸಮಾನತೆಯ ಮೇಲೆ ಭಾಷಣ ಮಾಡುವುದು ನಮಗೇನೂ ಕಷ್ಟವಲ್ಲ. ಅನುಭವ ಮಂಟಪದ ಹೆಸರು ಹೇಳಿದರೆ ಸಾಕು, ಚಪ್ಪಾಳೆ ಬೀಳುತ್ತದೆ. ಇವತ್ತು ನನಗೆ ಚಪ್ಪಾಳೆ ಬೇಡ. ಒಂದು ಶಾಲೆಯ ಬಾಗಿಲಿನ ಕತೆ ಹೇಳುತ್ತೇನೆ, ಅದರ ಜೊತೆಗೆ ನನ್ನದೊಂದು ತಪ್ಪನ್ನೂ ಹೇಳುತ್ತೇನೆ.

1856ರ ಜೂನ್ ತಿಂಗಳು. ಆಗ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಅಲ್ಲಿನ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಮಹಾರ ಸಮುದಾಯದ ಒಬ್ಬ ಹುಡುಗ ಅರ್ಜಿ ಹಾಕಿದ. ಎರಡೇ ವರ್ಷ ಹಿಂದೆ, 1854ರಲ್ಲಿ, ಕಂಪನಿ ಸರಕಾರವು ಜನಸಾಮಾನ್ಯರಿಗೆ ಶಿಕ್ಷಣ ಕೊಡುವುದು ತನ್ನ ಹೊಣೆ ಎಂದು ಒಪ್ಪಿಕೊಂಡಿತ್ತು. ಹುಡುಗ ಆ ಮಾತನ್ನು ನಂಬಿದ. ಅವನನ್ನು ಸೇರಿಸಿಕೊಳ್ಳಲಿಲ್ಲ. ಅವನು ಸುಮ್ಮನೆ ಮನೆಗೆ ಹೋಗದೆ ಸರಕಾರಕ್ಕೇ ಮನವಿ ಬರೆದ.

ಜುಲೈ 21ರಂದು ಮುಂಬಯಿ ಸರಕಾರ ಕೊಟ್ಟ ಉತ್ತರವನ್ನು ನೀವು ಗಮನವಿಟ್ಟು ಕೇಳಬೇಕು. ನ್ಯಾಯವೇನೋ ಈ ಹುಡುಗನ ಕಡೆಗೇ ಇದೆ ಎಂದು ಸರಕಾರ ಒಪ್ಪಿತು. ಆದರೆ ತಲೆತಲಾಂತರದ ಭಾವನೆಯನ್ನು ಒಂದೇ ಸಲಕ್ಕೆ ಅಳಿಸಲಾಗದು. ಒಬ್ಬನಿಗಾಗಿ ಬಾಗಿಲು ತೆರೆದರೆ ಉಳಿದವರಿಗೆಲ್ಲ ಶಾಲೆಯೇ ಪ್ರಯೋಜನಕ್ಕೆ ಬಾರದಂತಾಗುತ್ತದೆ ಎಂದಿತು. ಬಿಡಿಸಿ ಹೇಳಬೇಕೆಂದರೆ, ನೀನು ಒಳಗೆ ಬಂದರೆ ಉಳಿದವರು ಬಿಟ್ಟು ಹೋಗುತ್ತಾರೆ, ಆದ್ದರಿಂದ ನೀನು ಹೊರಗೆ ಇರು.

ವಿಷಯ ಕಲ್ಕತ್ತೆಗೆ ಹೋಯಿತು. 1857ರ ಜನವರಿಯಲ್ಲಿ ಗವರ್ನರ್ ಜನರಲ್ ಕಡೆಯಿಂದ ಕಾಗದ ಬಂತು. ಮುಂಬಯಿಯವರು ವಿವೇಕದಿಂದಲೇ ನಡೆದಿರಬಹುದು, ಆದರೆ ಬಂಗಾಳದ ಸರಕಾರಿ ಶಾಲೆಯಲ್ಲಾಗಿದ್ದರೆ ಈ ಹುಡುಗನಿಗೆ ಪ್ರವೇಶ ತಪ್ಪುತ್ತಿರಲಿಲ್ಲ ಎಂಬುದು ಅದರ ಸಾರ. ಅಲ್ಲಿಂದ ಲಂಡನ್ನಿಗೆ ಹೋಯಿತು. 1858ರ ಏಪ್ರಿಲ್‌ನಲ್ಲಿ ಕಂಪನಿಯ ನಿರ್ದೇಶಕ ಮಂಡಳಿ ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು ತಿಳಿಸಿತು. ಪೂರ್ತಿ ಸರಕಾರದ ಖರ್ಚಿನಲ್ಲಿ ನಡೆಯುವ ಶಾಲೆಗಳು ಭೇದವಿಲ್ಲದೆ ಎಲ್ಲರಿಗೂ ತೆರೆದಿವೆ ಎಂದು ಮುಂಬಯಿ ಸರಕಾರವೂ ಗೊತ್ತುವಳಿ ಮಾಡಿತು.

ನೋಡಿ, ನಮ್ಮ ಕನ್ನಡದ ಊರಿನ ಒಬ್ಬ ಹುಡುಗನ ಅರ್ಜಿಯಿಂದ ಒಂದು ಪ್ರಾಂತ್ಯದ ಶಾಲೆಗಳ ಕಾನೂನೇ ಬದಲಾಯಿತು. ನಾನು ಧಾರವಾಡದಲ್ಲಿ ಓದಿದವನು. ವಿದ್ಯಾಕಾಶಿ ಎಂದು ಎದೆಯುಬ್ಬಿಸಿ ಹೇಳಿಕೊಂಡವನು. ಆದರೂ ಈ ಸಂಗತಿ ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ಅಂಬೇಡ್ಕರರ ಬರಹಗಳ ಸಂಪುಟ ಓದುವಾಗ. ಸೈಮನ್ ಆಯೋಗಕ್ಕೆ 1928ರಲ್ಲಿ ಕೊಟ್ಟ ಹೇಳಿಕೆಯಲ್ಲಿ ಅವರು ಈ ಪ್ರಕರಣವನ್ನು ಎತ್ತಿ ತೋರಿಸಿದ್ದಾರೆ.

ಹಾಗಾದರೆ 1858ರಲ್ಲಿ ಬಾಗಿಲು ತೆರೆಯಿತೇ? ಕಾಗದದಲ್ಲಿ ತೆರೆಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದು, 1881-82ರ ಹೊತ್ತಿಗೆ, ಮುಂಬಯಿ ಪ್ರಾಂತ್ಯದ ಪ್ರಾಥಮಿಕ ಶಾಲೆಗಳಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳು ನೂರಕ್ಕೆ ಒಬ್ಬರೂ ಇರಲಿಲ್ಲ. ಒಳಗೆ ಬಂದ ಮಕ್ಕಳ ಸ್ಥಿತಿಯಾದರೂ ಏನು? ಅಂಬೇಡ್ಕರರ ಬಾಲ್ಯ ನಿಮಗೆ ಗೊತ್ತು. ಗೋಣಿತಟ್ಟನ್ನು ಮನೆಯಿಂದಲೇ ತಂದು ಬೇರೆ ಕೂತರು. ನೀರು ಬೇಕಾದರೆ ಜವಾನ ಬಂದು ಎತ್ತಿ ಹಾಕಬೇಕು. ಜವಾನ ಬಾರದ ದಿನ ನೀರಿಲ್ಲ. ಕಾನೂನು ಹೊಸ್ತಿಲವರೆಗೆ ಕರೆತಂದಿತು. ಹೊಸ್ತಿಲಿನ ಒಳಗೆ ಇದ್ದವರು ನಾವು.

ನಾವು ಎಂದು ಬೇಕೆಂದೇ ಹೇಳಿದೆ. ಧಾರವಾಡ ಸೀಮೆ ಎಂದರೆ ಶರಣರ ಹೆಸರು ಹೇಳುವ ಸೀಮೆ. ಮಾದಾರ ಚೆನ್ನಯ್ಯನವರನ್ನು, ಡೋಹರ ಕಕ್ಕಯ್ಯನವರನ್ನು ಹಿರಿಯರೆಂದು ನೆನೆಯುವ ಮನೆಗಳ ಸೀಮೆ. ಹರಳಯ್ಯ ಮಧುವರಸರ ಮನೆಗಳ ನಂಟಸ್ತಿಕೆಗಾಗಿ ಕಲ್ಯಾಣದಲ್ಲಿ ರಕ್ತ ಹರಿಯಿತೆಂದು ಕಣ್ಣೀರು ಹಾಕುವ ಸೀಮೆ. ಆ ಹುಡುಗ ಶಾಲೆಯ ಮುಂದೆ ನಿಂತಾಗ, ಬಾರಪ್ಪಾ ಎಂದು ಕೈ ಹಿಡಿದು ಒಳಗೆ ಕರೆದೊಯ್ದ ಲಿಂಗವಂತರೊಬ್ಬರ ಹೆಸರು, ನಾನು ಓದಿದಷ್ಟರಲ್ಲಿ, ಸಿಗಲಿಲ್ಲ.

ಇಂಥದೇ ಕತೆ ಅಮೆರಿಕದಲ್ಲೂ ನಡೆಯಿತು. ಅಲ್ಲಿ ಜಾತಿಯ ಜಾಗದಲ್ಲಿ ಚರ್ಮದ ಬಣ್ಣ. ಕಪ್ಪು ಜನರ ಗುಲಾಮಗಿರಿ 1865ರಲ್ಲಿ ಕಾನೂನಿನ ಪ್ರಕಾರ ಮುಗಿಯಿತು. ಆದರೆ 1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಸೌಲಭ್ಯ ಸಮಾನವಾಗಿದ್ದರೆ ಬೇರೆ ಬೇರೆ ಇಡಬಹುದು ಎಂದು ತೀರ್ಪು ಕೊಟ್ಟಿತು. ಹೆಸರಿಗೆ ಸಮಾನ, ಬೇರೆ ಇಡುವುದು ಮಾತ್ರ ಖಾಯಂ. ಕಾನ್ಸಾಸ್ ರಾಜ್ಯದ ಟೊಪೀಕಾ ಊರಿನಲ್ಲಿ ಲಿಂಡಾ ಬ್ರೌನ್ ಎಂಬ ಹುಡುಗಿ ಮನೆಯ ಹತ್ತಿರದ ಬಿಳಿಯರ ಶಾಲೆ ಬಿಟ್ಟು ದೂರದ ಕಪ್ಪು ಮಕ್ಕಳ ಶಾಲೆಗೆ ಹೋಗಬೇಕಾಗಿತ್ತು. ಅವಳ ತಂದೆಯೂ ಇನ್ನೂ ಹಲವು ತಂದೆತಾಯಿಯರೂ ಕೋರ್ಟಿಗೆ ಹೋದರು. 1954ರ ಮೇ 17ರಂದು ಒಂಬತ್ತು ನ್ಯಾಯಾಧೀಶರೂ ಒಂದೇ ದನಿಯಲ್ಲಿ, ಬೇರೆ ಕೂರಿಸುವುದೇ ಅಸಮಾನತೆ ಎಂದು ತೀರ್ಪು ಕೊಟ್ಟರು.

ತೀರ್ಪಿನ ನಂತರ ಏನಾಯಿತು? ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಎಂಬ ಜಿಲ್ಲೆಯವರು ಕಪ್ಪು ಮಕ್ಕಳ ಜೊತೆ ಕೂರಿಸಬೇಕಾಗುತ್ತದೆ ಎಂದು 1959ರಲ್ಲಿ ತಮ್ಮ ಸಾರ್ವಜನಿಕ ಶಾಲೆಗಳಿಗೆಲ್ಲ ಬೀಗ ಹಾಕಿದರು. ಬಿಳಿಯರ ಮಕ್ಕಳಿಗೆ ಖಾಸಗಿ ಶಾಲೆ ಕಟ್ಟಿಕೊಂಡರು. 1964ರವರೆಗೆ, ಐದು ವರ್ಷ, ಅಲ್ಲಿನ ಬಹುಪಾಲು ಕಪ್ಪು ಮಕ್ಕಳಿಗೆ ಊರಿನಲ್ಲಿ ಶಾಲೆಯೇ ಇರಲಿಲ್ಲ. ನ್ಯೂ ಆರ್ಲಿಯನ್ಸ್ ನಗರದಲ್ಲಿ 1960ರಲ್ಲಿ ರೂಬಿ ಬ್ರಿಜಸ್ ಎಂಬ ಆರು ವರ್ಷದ ಮಗು ಪೊಲೀಸ್ ಕಾವಲಿನಲ್ಲಿ ಶಾಲೆಗೆ ಹೋಯಿತು. ಬಿಳಿಯ ತಂದೆತಾಯಿಗಳು ಬಂದು ತಮ್ಮ ಮಕ್ಕಳನ್ನು ಕರೆದುಕೊಂಡು ಹೋದರು. ಆ ವರ್ಷವೆಲ್ಲ ಒಂದು ಕೋಣೆಯಲ್ಲಿ ಆ ಮಗು ಒಂದೇ, ಟೀಚರಮ್ಮ ಒಬ್ಬರೇ.

ಧಾರವಾಡದಲ್ಲಿ ಸರಕಾರ ಹೆದರಿದ್ದು ಯಾವುದಕ್ಕೋ ಅಲ್ಲಿ ನಡೆದದ್ದೂ ಅದೇ. ಅವನು ಒಳಗೆ ಬಂದ, ಇವರು ಬಿಟ್ಟು ಹೋದರು.

ನಮ್ಮ ದೇಶದಲ್ಲಿ ಅಮೆರಿಕಕ್ಕಿಂತ ನಾಲ್ಕು ವರ್ಷ ಮೊದಲೇ, 1950ರ ಜನವರಿ 26ರಂದು, ಸಂವಿಧಾನ ಈ ಬಾಗಿಲನ್ನು ತೆರೆಯಿತು. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. ಸರಕಾರ ನಡೆಸುವ ಅಥವಾ ಸರಕಾರದ ಹಣ ಪಡೆಯುವ ಶಾಲೆಯಲ್ಲಿ ಜಾತಿ, ಧರ್ಮ, ಜನಾಂಗ, ಭಾಷೆಯ ಕಾರಣಕ್ಕೆ ಯಾರಿಗೂ ಪ್ರವೇಶ ಇಲ್ಲ ಎನ್ನುವಂತಿಲ್ಲ ಎಂದು 29ನೇ ವಿಧಿ ಹೇಳಿತು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

2003ರಲ್ಲಿ ನಮ್ಮ ಕಡೆಯ ಶಾಲೆಗಳಿಗೆ ಮಧ್ಯಾಹ್ನದ ಬಿಸಿಯೂಟ ಬಂತು. ಹೆಸರು 'ಅಕ್ಷರ ದಾಸೋಹ'. ದಾಸೋಹ ನಮ್ಮ ಶರಣರ ಮಾತು. ಸರಕಾರವೇ ಆ ಮಾತನ್ನು ಎತ್ತಿಕೊಂಡಿತಲ್ಲ ಎಂದು ನಾನು ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳಿಗೆ ಹೆಮ್ಮೆಯಿಂದ ವಿವರಿಸಿದೆ. ಆಗ ನಾನು ಒಂದು ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯ. ಊರಿನ ಹೆಸರು ಬೇಡ, ಯಾವ ಊರಾದರೂ ಆಗಬಹುದಿತ್ತು. ಮುಖ್ಯ ಅಡುಗೆಯವರಾಗಿ ದಲಿತ ಕೇರಿಯ ಒಬ್ಬ ತಾಯಿ ಬಂದರು. ಮೊದಲ ದಿನ ಅರ್ಧಕ್ಕರ್ಧ ಮಕ್ಕಳು ತಟ್ಟೆ ಹಿಡಿಯಲಿಲ್ಲ. ಎರಡನೆಯ ದಿನ ಹಿರಿಯರು ನಾಲ್ಕಾರು ಜನ ಬಂದರು. "ಗುರುಗಳ, ನಮ್ಮ ಹುಡುಗ್ರು ಮನ್ಯಾಗ ಉಂಡು ಬರ್ತಾವ್ರಿ. ಒತ್ತಾಯ ಮಾಡೂದಾದ್ರ ಟಿ.ಸಿ. ಕೊಟ್ಟಬಿಡ್ರಿ" ಎಂದರು. ಹಣೆಯ ಮೇಲೆ ವಿಭೂತಿ ಇತ್ತು, ಕೊರಳಲ್ಲಿ ಲಿಂಗ ಇತ್ತು. ನನ್ನ ಕೊರಳಲ್ಲೂ ಇತ್ತು.

ನಾನು ಮೇಲಿನವರಿಗೆ ಒಂದು ಪತ್ರ ಬರೆದೆ. ಜಾತಿಯ ಮಾತು ಅದರಲ್ಲಿ ಒಂದೂ ಇರಲಿಲ್ಲ. ಮಕ್ಕಳ ಹಾಜರಾತಿ ಕುಸಿಯುವ ಸಂಭವವಿದೆ, ಶಾಲೆಯ ಹಿತದೃಷ್ಟಿಯಿಂದ ಅಡುಗೆಯ ಜವಾಬ್ದಾರಿಯನ್ನು ಬೇರೆಯವರಿಗೆ ವಹಿಸುವುದು ಸೂಕ್ತ ಎಂದು ಬರೆದೆ. ಹಾಗೆಯೇ ಆಯಿತು. ಆ ತಾಯಿಯನ್ನು ಸಹಾಯಕಿ ಎಂದು ಮಾಡಿ ಪಾತ್ರೆ ತೊಳೆಯಲು ಹಚ್ಚಿದೆವು. ಮರುದಿನ ಎಲ್ಲ ಮಕ್ಕಳೂ ಉಂಡರು. ಸಮಸ್ಯೆ ಬಗೆಹರಿಯಿತು ಎಂದುಕೊಂಡೆ.

ಸಂಜೆ ಆ ತಾಯಿ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದರು: "ಸರ್, ನಾ ಮಾಡಿದ ಸಾರಿನ್ಯಾಗ ಉಪ್ಪು ಹೆಚ್ಚಾಗಿತ್ತೇನ್ರಿ?"

ನಾನು ಉತ್ತರ ಕೊಡಲಿಲ್ಲ. ಹಾಜರಿ ಪುಸ್ತಕ ನೋಡುತ್ತಾ ಕೂತೆ. ಅವರ ಮಗ ನನ್ನದೇ ಶಾಲೆಯ ನಾಲ್ಕನೇ ಇಯತ್ತೆಯಲ್ಲಿದ್ದ. ಅಮ್ಮನನ್ನು ಕರೆದೊಯ್ಯಲು ಬಂದವನು ಅಲ್ಲೇ ನಿಂತಿದ್ದ.

ವರ್ಷಗಳ ಮೇಲೆ 1856ರ ಆ ಜುಲೈ ತಿಂಗಳ ಉತ್ತರವನ್ನು ಓದಿದಾಗ ನನ್ನ ಕೈ ನಡುಗಿತು. ಅದು ನನ್ನದೇ ಪತ್ರ! ಉಳಿದವರು ಬಿಟ್ಟು ಹೋಗುತ್ತಾರೆ, ಸಂಸ್ಥೆಗೆ ತೊಂದರೆಯಾಗುತ್ತದೆ ಎಂಬ ಅದೇ ಮಾತು, ಅದೇ ನಯ. ಪರದೇಶದ ಆಳರಸರನ್ನು ಬೈಯುವುದು ಸುಲಭ. ಅವರ ಮೇಲಿನವರಾದರೂ ಎರಡು ವರ್ಷದಲ್ಲಿ ಅವರನ್ನು ತಿದ್ದಿದರು. ನನ್ನನ್ನು ಯಾರೂ ತಿದ್ದಲಿಲ್ಲ, ಶಾಲೆ ಚೆನ್ನಾಗಿ ನಡೆಸುತ್ತೀರಿ ಎಂದು ಹೊಗಳಿದರು. ದಾಸೋಹ ಎಂಬ ಮಾತಿನ ಅರ್ಥವನ್ನು ಮಕ್ಕಳಿಗೆ ಹೇಳಿಕೊಟ್ಟವನೇ, ಆ ಮಾತಿನ ಮುಂದೆ ಸೋತುಹೋದೆ.

ಬಂಧುಗಳೇ, ಇದು ಹಳ್ಳಿಯ ಮಾತು, ಬೆಂಗಳೂರಿನಲ್ಲಿ ಹೀಗಿಲ್ಲ ಎಂದು ನೀವು ಅನ್ನಬಹುದು. ಬೆಳಿಗ್ಗೆ ಏಳೂವರೆಗೆ ಉಲ್ಲಾಳ ಮುಖ್ಯರಸ್ತೆಯಲ್ಲಿ ನಿಂತು ನೋಡಿ. ಹಳದಿ ಬಸ್ಸುಗಳು ಸಾಲುಸಾಲಾಗಿ ನಮ್ಮ ಮೊಮ್ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತವೆ. ಅದೇ ಹೊತ್ತಿಗೆ ನಮ್ಮ ಮನೆ ಕಟ್ಟುವ ಗಾರೆಯವರ ಮಕ್ಕಳು, ರಾಯಚೂರು ಯಾದಗಿರಿ ಕಡೆಯಿಂದ ಬಂದವರ ಮಕ್ಕಳು, ಕಾವಲುಗಾರರ ಮಕ್ಕಳು ಸರಕಾರಿ ಶಾಲೆಗೆ ನಡೆದು ಹೋಗುತ್ತವೆ. ಎರಡು ಗುಂಪೂ ದಾರಿಯಲ್ಲಿ ಎದುರಾಗುತ್ತವೆ, ಒಂದು ಬೆಂಚಿನಲ್ಲಿ ಎಂದೂ ಕೂರುವುದಿಲ್ಲ. ಯಾರೂ ಯಾರನ್ನೂ ತಡೆದಿಲ್ಲ. ಬಾಗಿಲು ಪೂರ್ತಿ ತೆರೆದಿದೆ. ನಾವು ಹಿಂದಿನ ಬಾಗಿಲಿನಿಂದ ಸದ್ದಿಲ್ಲದೆ ಹೊರಟುಹೋಗಿದ್ದೇವೆ, ಅಷ್ಟೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಯಲ್ಲಿ ನೂರಕ್ಕೆ 25 ಸೀಟುಗಳನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಇಟ್ಟಿತು. ನಮ್ಮ ರಾಜ್ಯದಲ್ಲಿ 2019ರಿಂದ ನಿಯಮ ಬದಲಾಗಿ, ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲವೆಂದಾಯಿತು. ಅದಕ್ಕಾಗಿ ನಮ್ಮ ಬಡಾವಣೆಯಲ್ಲಿ ಒಬ್ಬರೂ ಬೇಸರಪಟ್ಟದ್ದನ್ನು ನಾನು ಕೇಳಲಿಲ್ಲ.

ನಮ್ಮ ಮಠಗಳು ಇದಕ್ಕೆ ದಾರಿ ತೋರಿಸಿಲ್ಲವೇ? ತೋರಿಸಿವೆ. ಸಿದ್ಧಗಂಗೆಯಲ್ಲಿ ಪೂಜ್ಯ ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಸಾವಿರಾರು ಮಕ್ಕಳನ್ನು ಒಂದೇ ಸಾಲಿನಲ್ಲಿ ಕೂರಿಸಿ ಅನ್ನ, ಅಕ್ಷರ ಎರಡನ್ನೂ ಕೊಟ್ಟರು. ನಾವು ಆ ದಾಸೋಹಕ್ಕೆ ಅಕ್ಕಿಯ ಚೀಲ ಕಳಿಸಿ ರಸೀದಿ ಇಟ್ಟುಕೊಂಡಿದ್ದೇವೆ. ಆ ಸಾಲನ್ನು ಮಾತ್ರ ಮನೆಗೆ ತರಲಿಲ್ಲ. ನಮ್ಮ ಮನೆಯಲ್ಲೇ ಕೆಲಸಕ್ಕೆ ಬರುವ ಹೆಣ್ಣುಮಗಳಿಗೆ ಚಹಾ ಕೊಡಲು ಕಿಟಕಿಯ ಬಳಿ ಬೇರೆಯೇ ಒಂದು ಲೋಟ ಇತ್ತು. ಎಂಟು ವರ್ಷದ ಮೊಮ್ಮಗ ಕೇಳಿದ, ತಾತಾ, ಆ ಲೋಟ ಯಾಕೆ ಇಲ್ಲಿ ಬಂದು ಸೇರುವುದಿಲ್ಲ ಎಂದು. ಈ ಸಲ ನಾನು ಹಾಜರಿ ಪುಸ್ತಕದ ಹಿಂದೆ ಮುಖ ಮುಚ್ಚಿಕೊಳ್ಳಲಿಲ್ಲ. ಸೊಸೆಯೊಂದಿಗೆ ಮಾತಾಡಿದೆ. ಎರಡು ದಿನ ಮನೆಯಲ್ಲಿ ಬಿಗುವಿತ್ತು. ಮೂರನೆಯ ದಿನ ಅವಳೇ ಆ ಲೋಟವನ್ನು ಎಲ್ಲ ಲೋಟಗಳ ಜೊತೆ ಇಟ್ಟಳು.

ನನ್ನ ಕೋರಿಕೆ ಮೂರೇ. ಒಂದು, ಮುಂದಿನ ಬಸವ ಜಯಂತಿಯ ದಾಸೋಹದಲ್ಲಿ ಒಲೆಯ ಮುಂದೆ ಯಾರು ನಿಲ್ಲಬೇಕು ಎಂಬುದನ್ನು ಜಾತಿ ನೋಡದೆ ನಿರ್ಧರಿಸೋಣ. ಎರಡು, ಭಾನುವಾರದ ವಚನ ಪಾಠಕ್ಕೆ ಕಾವಲುಗಾರರ ಮಕ್ಕಳೂ ಗಾರೆಯವರ ಮಕ್ಕಳೂ ಬರಲಿ, ಒಂದೇ ಜಮಖಾನೆಯ ಮೇಲೆ ನಮ್ಮ ಮಕ್ಕಳ ನಡುವೆ ಕೂರಲಿ. ಮೂರು, ನಿವೃತ್ತರಾದವರು ವಾರಕ್ಕೆ ಎರಡು ತಾಸು ಹತ್ತಿರದ ಸರಕಾರಿ ಶಾಲೆಗೆ ಕೊಡಿ. ನಾನು ಲೆಕ್ಕ ಹೇಳಿಕೊಡಲು ಹೋಗುತ್ತಿದ್ದೇನೆ. ರಜೆ ಇದ್ದ ದಿನ ಮೊಮ್ಮಗನೂ ಬಂದು ಆ ಮಕ್ಕಳ ಜೊತೆ ಕೂರುತ್ತಾನೆ.

ಇದರಿಂದ ನನ್ನ ಪತ್ರ ಅಳಿಸಿಹೋಗುವುದಿಲ್ಲ, ನನಗೆ ಗೊತ್ತು. ಆ ತಾಯಿಗೆ ಕೊಡಬೇಕಾಗಿದ್ದ ಉತ್ತರವನ್ನು ಇವತ್ತು ನಿಮ್ಮೆಲ್ಲರ ಮುಂದೆ ಕೊಡುತ್ತೇನೆ. ಉಪ್ಪು ಸರಿಯಾಗಿಯೇ ಇತ್ತು ತಾಯಿ. ಉಣ್ಣಲು ಕೂತವರಲ್ಲಿ ದೋಷ ಇತ್ತು.