ಕಾಲೇಜನ್ನು ಬಿಡಬೇಕೆ?



“ಇಲ್ಲಿ ನನಗೆ ಮನಸ್ಸು ನಿಲ್ಲದು, ಬಿಟ್ಟುಬಿಡಲೆ?” ಎಂದು ಕೇಳುತ್ತ ಪ್ರತಿವರ್ಷವೂ ಒಬ್ಬಿಬ್ಬರು ವಿದ್ಯಾರ್ಥಿಗಳು ನನ್ನ ಬಳಿಗೆ ಬರುವುದುಂಟು. ಅವರಿಗೆ ನಾನು ಚಾರ್ಲ್ಸ್ ಡಾರ್ವಿನ್ನನ ವಿಚಾರವನ್ನು ಹೇಳುತ್ತೇನೆ.

ಆತನು 1825ರಲ್ಲಿ ತಂದೆಯ ಇಚ್ಛೆಯಂತೆ ವೈದ್ಯವನ್ನು ಕಲಿಯಲು ಎಡಿನ್‌ಬರೋ ವಿಶ್ವವಿದ್ಯಾನಿಲಯವನ್ನು ಸೇರಿದನು. ಕ್ಲೋರೋಫಾರಂ ಇನ್ನೂ ಬಳಕೆಗೆ ಬಾರದಿದ್ದ ಕಾಲವದು. ಮಗುವೊಂದರ ಶಸ್ತ್ರಚಿಕಿತ್ಸೆಯನ್ನು ನೋಡಲಾರದೆ ನಡುವೆಯೇ ಹೊರಗೆ ಓಡಿದನು. ಮಗನಿಗೆ ವೈದ್ಯವೃತ್ತಿಯು ಬೇಡವಾಗಿದೆಯೆಂಬುದು ತಂದೆಗೆ ತಿಳಿಯುವಷ್ಟರಲ್ಲಿ ಎರಡು ವರ್ಷಗಳೇ ಕಳೆದಿದ್ದುವು. 1827ರಲ್ಲಿ ಪದವಿಯಿಲ್ಲದೆ ಹೊರಬಂದು, ಮರುವರ್ಷ ಕೇಂಬ್ರಿಜ್ಜಿಗೆ ಹೋದನು. ಅಲ್ಲಿನ ಪಾಠಗಳೂ ಆತನಿಗೆ ಅಷ್ಟಾಗಿ ರುಚಿಸಲಿಲ್ಲ. ಆದರೆ ಹೆನ್‌ಸ್ಲೋ ಎಂಬ ಸಸ್ಯಶಾಸ್ತ್ರದ ಗುರುವಿನ ಸಹವಾಸವು ಬಾಳಿಗೆ ದಾರಿಯನ್ನು ತೋರಿತು. ಎಡಿನ್‌ಬರೋವಿನ ಕಡಲತೀರದಲ್ಲಿ ಜಲಜಂತುಗಳನ್ನು ಪರೀಕ್ಷಿಸುತ್ತ ಕಲಿತುದೂ ವ್ಯರ್ಥವಾಗಲಿಲ್ಲ.

ಆದುದರಿಂದ ಮೊದಲು ವಿಚಾರಮಾಡಿರಿ: ನಿಮ್ಮ ಬೇಸರವು ಪಾಠದ್ದೊ, ಒಂಟಿತನದ್ದೊ? ಒಂಟಿತನದ್ದಾದರೆ ಅದು ನಿಮ್ಮ ಪೆಟ್ಟಿಗೆಯೊಡನೆ ಮುಂದಿನ ಊರಿಗೂ ಬಂದೀತು. ಅವಸರಪಡದೆ ಒಬ್ಬ ಗುರುವನ್ನೊ ಗೆಳೆಯನನ್ನೊ ಅರಸಿರಿ. ವಿಷಯವೇ ನಿಮಗೆ ಒಗ್ಗದಿದ್ದರೆ, ಬಿಡುವುದು ಹೇಡಿತನವಲ್ಲ. ಆದರೆ ಬಿಡುವ ಮೊದಲು ತಂದೆತಾಯಿಗಳಿಗೆ ನೀವೇ ಹೇಳಿರಿ. ಸಾಲಮಾಡಿ ಫೀಜು ಕಟ್ಟಿದವರಿಗೆ ಈ ಸಂಗತಿಯು ಅನ್ಯರ ಬಾಯಿಂದ ತಿಳಿಯಬಾರದು.