ಗೋಡೆಯಿಲ್ಲದ ನೀರು

ಧಾರವಾಡದ ಬಾವಿಯಲ್ಲಿ ಈಜು ಕಲಿತವನು ನಾನು. ನಾಲ್ಕು ಕೈ ಹೊಡೆದರೆ ಗೋಡೆ ಸಿಗುತ್ತಿತ್ತು. ಆ ಬಲವನ್ನೇ ನೆಚ್ಚಿ, ಕಾರವಾರದಲ್ಲಿ ಗೆಳೆಯರೊಡನೆ ದೋಣಿಯೊಂದನ್ನು ಗೊತ್ತುಮಾಡಿಕೊಂಡು ಕಾಳಿ ನದಿಯಿಂದ ಕಡಲಿಗೆ ಹೊರಟೆ. 1883ರಲ್ಲಿ ತರುಣ ರವೀಂದ್ರನಾಥರು, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದಾಗ, ಬೆಳುದಿಂಗಳಲ್ಲಿ ದೋಣಿಯೇರಿ ವಿಹರಿಸಿದ್ದು ಇದೇ ನದಿಯಲ್ಲಿ.

ಅಳಿವೆಯಾಚೆ, ಕೂರ್ಮಗಡದ ಹಸುರು ಕಾಣುವಲ್ಲಿ, ನೀರಿಗೆ ಧುಮುಕಿದೆ. ಇಳಿತದ ಹೊತ್ತು, ಸೆಳವು ನನ್ನನ್ನು ದೋಣಿಯಿಂದ ದೂರ ಒಯ್ಯತೊಡಗಿತು. ಹಿಡಿಯಲು ಗೋಡೆಯಿಲ್ಲ. ಕೈಕಾಲು ಬಡಿದಷ್ಟೂ ಉಸಿರು ಕುಗ್ಗಿತು. ಬಡಿಯಬೇಡಿ, ಅಂಗಾತ ಮಲಗಿ ಎಂದು ಅಂಬಿಗ ಕೂಗಿದ. ಮಲಗಿದೆ. ಬಾವಿಯ ಸಿಹಿನೀರಿಗಿಂತ ಸಾಂದ್ರವಾದ ಉಪ್ಪುನೀರು ನನ್ನನ್ನು ಎತ್ತಿ ಹಿಡಿಯಿತು. ದೋಣಿಯೇ ನನ್ನೆಡೆಗೆ ಬಂದಿತು.

ಊರಿಗೆ ಮರಳಿದ ಮೇಲೆ ಮಗನನ್ನು ಬಾವಿಗಿಳಿಸಿ, ಈಜಿಗಿಂತ ಮೊದಲು ತೇಲುವುದನ್ನು ಕಲಿಸಿದೆ.